ಮಗು ಬಂದು ಹೇಳುವಂತಿರಬೇಕು: ಅಂತರ್ಜಾಲದಲ್ಲಿ ಮಕ್ಕಳ ಸುರಕ್ಷತೆ, ಮನೆಯಲ್ಲಿ ಮತ್ತು ಶಾಲೆಯಲ್ಲಿ

ಶಾಲೆ ಬಿಟ್ಟು ಅರ್ಧ ಗಂಟೆಯಾಗಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಶಿಕ್ಷಕರ ಕೊಠಡಿಯ ಬಾಗಿಲವರೆಗೆ ಬಂದು, ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಮತ್ತೆ ಹಿಂದೆ ಸರಿದ. ಕರೆದ ಮೇಲೆ ಒಳಗೆ ಬಂದ. ಬ್ಯಾಗಿನಿಂದ ತನ್ನ ಅಮ್ಮನ ಮೊಬೈಲ್ ತೆಗೆದು, ಪರದೆಯನ್ನು ಕೆಳಮುಖ ಮಾಡಿ ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಒತ್ತಿ ಹಿಡಿದ. ಬಾಯಿ ಬಿಡಲು ಹತ್ತು ನಿಮಿಷ ಹಿಡಿಯಿತು. ಗುರುತಿಲ್ಲದ ಯಾರೋ ಒಬ್ಬರು ಒಂದು ವಾರದಿಂದ ಅವನಿಂದ ಹಣ ಕೇಳುತ್ತಿದ್ದರು. ಕೊಡದಿದ್ದರೆ ಅವನ ಫೋಟೊವನ್ನು ಅವನ ಗೆಳೆಯರಿಗೆಲ್ಲ ಕಳಿಸುವುದಾಗಿ ಹೆದರಿಸುತ್ತಿದ್ದರು. ಮನೆಯಲ್ಲಿ ಏಕೆ ಹೇಳಲಿಲ್ಲವೆಂದು ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: "ಹೇಳಿದ್ರೆ ಮೊಬೈಲ್ ಕಿತ್ಕೊಳ್ತಾರೆ ಮೇಡಂ. ಆಮೇಲೆ ಹೊಡೀತಾರೆ."

ಅಂತರ್ಜಾಲದಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಆ್ಯಪ್‌ಗಳಿಂದ, ಪಾಸ್‌ವರ್ಡ್‌ಗಳಿಂದ, ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕದಿಂದ ಆರಂಭಿಸುತ್ತೇವೆ. ಅವೆಲ್ಲವೂ ಬೇಕು, ಮುಂದೆ ಅವುಗಳ ವಿಷಯಕ್ಕೂ ಬರುತ್ತೇನೆ. ಆದರೆ ಆ ಹುಡುಗನ ಮಾತಿನಲ್ಲಿರುವ ಸಂಗತಿಯನ್ನು ಮೊದಲು ಅರ್ಥಮಾಡಿಕೊಳ್ಳದಿದ್ದರೆ ಉಳಿದ ಯಾವ ಏರ್ಪಾಡೂ ನಿಲ್ಲುವುದಿಲ್ಲ. ಏಕೆಂದರೆ ಹೆದರಿಸಿ ಸುಲಿಗೆ ಮಾಡುವವರ ಇಡೀ ವ್ಯವಹಾರ ನಿಂತಿರುವುದೇ ಮಗು ಮನೆಯಲ್ಲಿ ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ.

ಈ ಸುಲಿಗೆ ನಡೆಯುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಹುಡುಗಿಯೊಬ್ಬಳ ಫೋಟೊ ಹಾಕಿಕೊಂಡ ಖಾತೆಯಿಂದ ಸ್ನೇಹದ ಕೋರಿಕೆ ಬರುತ್ತದೆ. ಆ ಖಾತೆ ಅಷ್ಟರಲ್ಲಾಗಲೇ ಶಾಲೆಯ ಇನ್ನಿಬ್ಬರು ಮೂವರನ್ನು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡಿರುವುದರಿಂದ, ಪರಿಚಯದವರೇ ಇರಬೇಕು ಎಂದು ಮಗುವಿಗೆ ಅನ್ನಿಸುತ್ತದೆ. ಮೊದಲೆರಡು ದಿನ ಪರೀಕ್ಷೆಯ ಮಾತು, ಸಿನಿಮಾ ಮಾತು. ನಂತರ ಮಾತುಕತೆಯನ್ನು ಆ ಜಾಲತಾಣದಿಂದ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಎಳೆದೊಯ್ಯಲಾಗುತ್ತದೆ. ಅಲ್ಲಿ ಒಂದು ಫೋಟೊ ಬರುತ್ತದೆ, ಪ್ರತಿಯಾಗಿ ಒಂದು ಫೋಟೊ ಕೇಳಲಾಗುತ್ತದೆ. ಒಮ್ಮೆ ನೋಡಿದ ಕೂಡಲೇ ಮಾಯವಾಗುವ ಬಗೆಯಲ್ಲಿ ಕಳಿಸಿದರೆ ಅಪಾಯವಿಲ್ಲ ಎಂದು ಮಕ್ಕಳು ನಂಬಿರುತ್ತಾರೆ. ಅಂಥ ಚಿತ್ರದ ಸ್ಕ್ರೀನ್‌ಶಾಟ್ ತೆಗೆಯಲು ಆ್ಯಪ್ ಬಿಡದಿದ್ದರೂ, ಪಕ್ಕದಲ್ಲಿ ಇನ್ನೊಂದು ಮೊಬೈಲ್ ಹಿಡಿದು ಆ ಪರದೆಯ ಫೋಟೊ ತೆಗೆದರೆ ಮುಗಿಯಿತು. ಚಿತ್ರ ಸಿಕ್ಕ ಕೆಲವೇ ನಿಮಿಷಗಳಲ್ಲಿ ಮಾತಿನ ಧಾಟಿ ಬದಲಾಗಿ, ಮಗುವಿನ ಸ್ನೇಹಿತರ ಪಟ್ಟಿಯ ಸ್ಕ್ರೀನ್‌ಶಾಟ್ ಜೊತೆಗೆ ಹಣದ ಬೇಡಿಕೆ ಬರುತ್ತದೆ. ಐನೂರು ರೂಪಾಯಿ ಕೊಟ್ಟರೆ ಮರುದಿನ ಎರಡು ಸಾವಿರ ಕೇಳುತ್ತಾರೆ. ಹಣ ಕೊಟ್ಟದ್ದರಿಂದ ಬೇಡಿಕೆ ನಿಲ್ಲುವುದಿಲ್ಲ. ಈ ಮಗುವನ್ನು ಹೆದರಿಸಿದರೆ ಹಣ ಹುಟ್ಟುತ್ತದೆ ಎಂಬುದು ಅವರಿಗೆ ಖಚಿತವಾಗುತ್ತದೆ, ಅಷ್ಟೇ. ಇದು ಹೆಣ್ಣುಮಕ್ಕಳಿಗೆ ಮಾತ್ರ ಆಗುವ ತೊಂದರೆ ಎಂದು ತಿಳಿದ ಮನೆಗಳಲ್ಲಿ ಗಂಡುಮಕ್ಕಳು ಯಾರ ಗಮನಕ್ಕೂ ಬಾರದೆ ಸಿಕ್ಕಿಬೀಳುತ್ತಾರೆ.

ಈಗ ಮಗುವಿನ ಜಾಗದಲ್ಲಿ ನಿಂತು ನೋಡೋಣ. ಒಂದು ಕಡೆ ಗುರುತಿಲ್ಲದವನ ಬೆದರಿಕೆ, ಇನ್ನೊಂದು ಕಡೆ ಅಪ್ಪ ಅಮ್ಮನ ಸಿಟ್ಟು. ಹೇಳಿಕೊಂಡರೆ ಎರಡನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ ಎಂದು ಅದಕ್ಕೆ ಅನ್ನಿಸಿದರೆ, ಅದು ಸುಮ್ಮನಿರುವ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ತೊಂದರೆ ಬರುವುದಕ್ಕೆ ಮುಂಚೆಯೇ, ಏನೂ ಆಗದ ಒಂದು ಸಾಮಾನ್ಯ ಸಂಜೆ, ಮನೆಯ ಹಿರಿಯರು ಬಾಯಿಬಿಟ್ಟು ಹೇಳಬೇಕಾದ ಮಾತೊಂದಿದೆ: "ಏನೇ ತಪ್ಪಾಗಿರಲಿ, ನೀನು ಬಂದು ಹೇಳಿದ್ದಕ್ಕೆ ಮೊಬೈಲ್ ಕಿತ್ತುಕೊಳ್ಳುವುದಿಲ್ಲ, ಹೊಡೆಯುವುದಿಲ್ಲ." ಈ ಮಾತನ್ನು ಒಮ್ಮೆ ಹೇಳಿದರೆ ಸಾಲದು, ಸಣ್ಣ ಸಂಗತಿಗಳಲ್ಲಿ ನಡೆದು ತೋರಿಸಬೇಕು. ಆರನೇ ತರಗತಿಯ ಮಗಳು ತಿಳಿಯದೆ ಯಾವುದೋ ಲಿಂಕ್ ಒತ್ತಿದೆನೆಂದು ಹೇಳಿದಾಗ ಬೈಗುಳ ಸಿಕ್ಕರೆ, ಒಂಬತ್ತನೇ ತರಗತಿಯಲ್ಲಿ ಅವಳು ದೊಡ್ಡ ವಿಷಯವನ್ನು ಹೇಳುವುದಿಲ್ಲ. ತಪ್ಪಿಗೆ ತಕ್ಕ ಮಾತು, ಕಟ್ಟುಪಾಡು ಬೇಡವೆಂದು ನಾನು ಹೇಳುತ್ತಿಲ್ಲ. ಅವು ನಿಧಾನವಾಗಿ, ಅಪಾಯ ಕಳೆದ ಮೇಲೆ ಬರಲಿ.

ಇನ್ನು ಮಗು ಬಂದು ಹೇಳಿದ ಮೊದಲ ಗಂಟೆಯ ಕೆಲಸ. ಹೆಚ್ಚಿನ ಮನೆಗಳಲ್ಲಿ ಗಾಬರಿಯಿಂದ ಮಾಡುವ ಮೊದಲ ತಪ್ಪೆಂದರೆ ಎಲ್ಲವನ್ನೂ ಅಳಿಸಿಹಾಕುವುದು. ಸಂದೇಶಗಳು, ಕೇಳಿದ ಹಣದ ಮೊತ್ತ, ಯುಪಿಐ ಐಡಿ, ಮೊಬೈಲ್ ಸಂಖ್ಯೆ, ಆ ಖಾತೆಯ ಹೆಸರು ಮತ್ತು ಲಿಂಕ್, ದಿನಾಂಕ, ಸಮಯ ಇವೇ ತನಿಖೆಗೆ ಸಿಗುವ ಸಾಕ್ಷ್ಯ. ಮೊದಲು ಅವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಒಂದು ಹಾಳೆಯ ಮೇಲೆ ಬರೆದುಕೊಂಡು, ನಂತರ ಆ ಖಾತೆಯನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕು. ಎರಡನೆಯ ತಪ್ಪು ಇನ್ನೂ ದೊಡ್ಡದು: ಮಗುವಿನ ಆ ಚಿತ್ರವನ್ನು "ನೋಡಿ ಹೀಗಾಗಿದೆ" ಎಂದು ಸಂಬಂಧಿಕರಿಗೋ, ಶಿಕ್ಷಕರಿಗೋ, ಸಹಾಯ ಮಾಡುವರೆಂಬ ನಂಬಿಕೆಯಿಂದ ಯಾವುದಾದರೂ ಗ್ರೂಪಿಗೋ ಕಳಿಸುವುದು. ಮಕ್ಕಳ ಲೈಂಗಿಕ ಚಿತ್ರವನ್ನು ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ; ಮೊದಲ ಸಲದ ಶಿಕ್ಷೆಯೇ 5 ವರ್ಷಗಳವರೆಗಿನ ಸೆರೆವಾಸ ಮತ್ತು 10 ಲಕ್ಷ ರೂಪಾಯಿವರೆಗಿನ ದಂಡ. ಅದಕ್ಕಿಂತ ಮುಖ್ಯವಾಗಿ, ಹಾಗೆ ಕಳಿಸಿದ ಪ್ರತಿಯೊಂದು ಸಲವೂ ಆ ಮಗುವಿನ ಮಾನಕ್ಕೆ ಇನ್ನೊಂದು ಗಾಯವಾಗುತ್ತದೆ.

ಹಣ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ದಾಟಿಸುತ್ತಾರೆ; ಅದು ದಾಟುವ ಮೊದಲೇ ಬ್ಯಾಂಕು ತಡೆಹಿಡಿಯಬೇಕಾದ್ದರಿಂದ ಇಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಹಣ ಹೋಗದಿದ್ದರೂ ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ, ಹೆಸರು ಹೇಳದೆ ದೂರು ಕೊಡುವ ಅವಕಾಶವೂ ಇದೆ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿವೆ. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಮಗು ತಾನೇ ಮಾಡಬಹುದು.

ಚಿತ್ರ ಹರಡುವುದನ್ನು ತಡೆಯಲು ಇನ್ನೊಂದು ಸಾಧನವಿದೆ, ಅದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಅಮೆರಿಕದಲ್ಲಿರುವ ರಾಷ್ಟ್ರೀಯ ಕೇಂದ್ರವು 2023ರಲ್ಲಿ ಆರಂಭಿಸಿದ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಅದು. ಅದು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ 'ಮತ್ತೆ ಆ ಫೋಟೊವನ್ನು ಇನ್ನೊಬ್ಬರಿಗೆ ಕೊಡಬೇಕೇ' ಎಂಬ ಅಂಜಿಕೆ ಸಹಜ. ಚಿತ್ರ ಮೊಬೈಲ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಮನುಷ್ಯನಿಗೆ ಬೆರಳಚ್ಚು ಇರುವ ಹಾಗೆ ಆ ಚಿತ್ರಕ್ಕೊಂದು ಅಂಕಿ ಅಕ್ಷರಗಳ ಗುರುತನ್ನು ಮೊಬೈಲಿನಲ್ಲಿಯೇ ಸಿದ್ಧಮಾಡಿ, ಆ ಗುರುತನ್ನಷ್ಟೇ ಕಳಿಸಲಾಗುತ್ತದೆ. ಆ ಗುರುತಿನಿಂದ ಚಿತ್ರವನ್ನು ಮರಳಿ ತಯಾರಿಸಲಾಗುವುದಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಸೇವೆಗಳು ತಮ್ಮಲ್ಲಿ ಅದೇ ಗುರುತಿನ ಚಿತ್ರ ಕಂಡರೆ ತೆಗೆದುಹಾಕುತ್ತವೆ. 18 ವರ್ಷ ತುಂಬುವ ಮೊದಲು ತೆಗೆದ ಚಿತ್ರಗಳಿಗೆ ಮಾತ್ರ ಇದು ಅನ್ವಯ. ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಹುದಾದ ಖಾಸಗಿ ಸಂದೇಶಗಳ ಒಳಗೆ ಇದು ತಲುಪುವುದಿಲ್ಲ. ಇದರ ಜೊತೆಗೆ ಜಾಲತಾಣಕ್ಕೆ ನೇರವಾಗಿಯೂ ದೂರು ಕೊಡಬೇಕು. ನಮ್ಮ ದೇಶದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಜಾರಿಗೆ ಬಂದಾಗಲೇ, ನಗ್ನ ಚಿತ್ರದ ಬಗ್ಗೆ ಸಂಬಂಧಪಟ್ಟವರು ದೂರಿದರೆ 24 ಗಂಟೆಯೊಳಗೆ ತೆಗೆಯಬೇಕೆಂಬ ಗಡುವನ್ನು ಜಾಲತಾಣಗಳಿಗೆ ವಿಧಿಸಿದ್ದವು.

ಠಾಣೆಯ ಮೆಟ್ಟಿಲು ಹತ್ತಿದರೆ ಮಗುವಿನ ಹೆಸರು ಊರೆಲ್ಲ ಆಗುತ್ತದೆ ಎಂಬ ಭಯದಿಂದ ಹಿಂದೇಟು ಹಾಕುವ ತಂದೆತಾಯಿಯರು ತಿಳಿಯಬೇಕಾದ ಸಂಗತಿಗಳಿವೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ಪಡೆಯಬೇಕು, ಆಗ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ಮಗುವನ್ನು ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು. ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವಂತಿಲ್ಲ. ಮಗುವನ್ನು ಲೈಂಗಿಕ ಉದ್ದೇಶದಿಂದ ಮೊಬೈಲ್ ಮೂಲಕ ಪದೇಪದೇ ಸಂಪರ್ಕಿಸುವುದು, ಅದರ ನಿಜವಾದ ಅಥವಾ ತಿರುಚಿದ ಚಿತ್ರವನ್ನು ಬಳಸುವುದಾಗಿ ಹೆದರಿಸುವುದು ಇದೇ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಲೈಂಗಿಕ ಕಿರುಕುಳವೆಂದೇ ಹೆಸರಾಗಿದೆ. ಇಂಥ ಅಪರಾಧ ನಡೆದಿರುವುದು ತಿಳಿದೂ ತಿಳಿಸದಿರುವುದು ಕೂಡ ಅಪರಾಧ, ಅದಕ್ಕೆ 6 ತಿಂಗಳವರೆಗೆ ಸೆರೆವಾಸವಿದೆ. ಶಾಲೆಯ ಹೆಸರು ಕೆಡುತ್ತದೆ ಎಂದು ವಿಷಯವನ್ನು ಒಳಗೊಳಗೇ ಮುಗಿಸಲು ನೋಡುವ ಆಡಳಿತಗಾರರು ಈ ಭಾಗವನ್ನು ಎರಡು ಸಲ ಓದಿಕೊಳ್ಳಬೇಕು.

ಮುನ್ನೆಚ್ಚರಿಕೆಯ ವಿಷಯಕ್ಕೆ ಬಂದರೆ, ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ, ಆದರೆ ಹೆಚ್ಚು ಹಾನಿ ಮಾಡುವ ಸುಳ್ಳೊಂದಿದೆ: ಹುಟ್ಟಿದ ವರ್ಷದ ಸುಳ್ಳು. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮೊದಲಾದವು 13 ವರ್ಷ ತುಂಬದವರಿಗೆ ಖಾತೆ ಕೊಡುವುದಿಲ್ಲ ಎನ್ನುತ್ತವೆ. ಈ 13 ಎಂಬ ಗೆರೆಯ ಮೂಲ ಅಮೆರಿಕದ 1998ರ ಮಕ್ಕಳ ಖಾಸಗಿತನದ ಕಾಯ್ದೆ. ಹತ್ತು ವರ್ಷದ ಮಗು ತನಗೆ 18 ಎಂದು ಬರೆದು ಒಳಗೆ ಹೋಗುತ್ತದೆ, ಅನೇಕ ಸಲ ಅಣ್ಣನೋ ಮಾವನೋ ಪಕ್ಕದಲ್ಲಿ ಕೂತು ಆ ವರ್ಷವನ್ನು ತುಂಬಿಕೊಡುತ್ತಾರೆ. ಅದರ ಪರಿಣಾಮ ಅಂದು ಕಾಣುವುದಿಲ್ಲ. ಆ ಮಗುವಿಗೆ 13 ತುಂಬಿದಾಗ ಆ್ಯಪ್‌ನ ಲೆಕ್ಕದಲ್ಲಿ ಅದಕ್ಕೆ 21 ವರ್ಷ. 2024ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಹದಿಹರೆಯದವರ ಖಾತೆ ಎಂಬ ಏರ್ಪಾಡನ್ನು ತಂದಿತು. 18ರೊಳಗಿನವರ ಖಾತೆಗಳು ತಾವಾಗಿಯೇ ಖಾಸಗಿಯಾಗಿರುತ್ತವೆ, ಅಪರಿಚಿತರು ಸಂದೇಶ ಕಳಿಸಲಾಗುವುದಿಲ್ಲ, 16ರೊಳಗಿನವರು ಈ ಬಿಗಿಯನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ವಯಸ್ಸಿನ ಸುಳ್ಳು ಹೇಳಿದ ಮಗುವಿಗೆ ಈ ಯಾವ ರಕ್ಷಣೆಯೂ ಸಿಗದೆ ಹೋಗಬಹುದು, ಏಕೆಂದರೆ ಅದನ್ನು ದೊಡ್ಡವರೆಂದೇ ನಡೆಸಿಕೊಳ್ಳಲಾಗುತ್ತದೆ. ಮನೆಯಲ್ಲಿ ಇವತ್ತೇ ಮಾಡಬಹುದಾದ ಕೆಲಸವೆಂದರೆ ಮಗುವಿನ ಖಾತೆಯಲ್ಲಿ ಹುಟ್ಟಿದ ವರ್ಷ ಏನೆಂದಿದೆ ಎಂದು ಒಟ್ಟಿಗೆ ಕೂತು ನೋಡುವುದು.

ನಮ್ಮ ದೇಶದ ಕಾನೂನು ಗೆರೆಯನ್ನು ಇನ್ನೂ ಮೇಲೆ ಎಳೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳೇ; ಅವರ ಮಾಹಿತಿಯನ್ನು ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು, ಅವರ ಚಲನವಲನವನ್ನು ಹಿಂಬಾಲಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವಂತಿಲ್ಲ, ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ.

ಮೊಬೈಲ್ ಸುರಕ್ಷತೆಯ ಸಲಹೆಗಳಲ್ಲಿ ಹೆಚ್ಚಿನವು ಮಗುವಿಗೆ ತನ್ನದೇ ಸಾಧನವಿದೆ ಎಂದು ತಿಳಿದು ಬರೆದವು. ನಮ್ಮ ಸರ್ಕಾರಿ ಶಾಲೆಯ ಮಕ್ಕಳ ಮನೆಗಳಲ್ಲಿ ಪರಿಸ್ಥಿತಿ ಬೇರೆ. ಕೋವಿಡ್ ಕಾಲದ ಪಾಠಕ್ಕಾಗಿ ಮನೆಗೆ ಬಂದ ಸ್ಮಾರ್ಟ್‌ಫೋನ್ ಒಂದೇ ಇರುತ್ತದೆ. ಅದು ಅಮ್ಮನದು. ಅದರಲ್ಲಿಯೇ ಬ್ಯಾಂಕಿನ ಒಟಿಪಿ ಬರುತ್ತದೆ, ಗೃಹಲಕ್ಷ್ಮಿಯ ಹಣ ಜಮೆಯಾದ ಸಂದೇಶ ಬರುತ್ತದೆ, ಯುಪಿಐ ಇರುತ್ತದೆ, ಸಂಜೆ ಆರರಿಂದ ಮಗು ಆಟವಾಡುವುದೂ ಅದರಲ್ಲಿಯೇ. ಇಂಥ ಮನೆಯಲ್ಲಿ ಮೊದಲು ಕಾಯಬೇಕಾದದ್ದು ಹಣದ ಬಾಗಿಲು. ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು, ಅಂಗಡಿಗೆ ಕಳಿಸುವಾಗಲೂ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿಟ್ಟರೆ, ಆಟದೊಳಗೆ ನಾಣ್ಯದಂತೆ ಬಳಸುವ ಡೈಮಂಡ್, ಯುಸಿ ಮುಂತಾದವುಗಳಿಗೆ ತಿಳಿಯದೆ ಹಣ ಹೋಗುವುದು ತಪ್ಪುತ್ತದೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಒಂದೇ ಆ್ಯಪ್ ತೆರೆದಿರುವಂತೆ ಪರದೆಯನ್ನು ಪಿನ್ ಮಾಡುವ ಸೌಲಭ್ಯವಿರುತ್ತದೆ. ಪಾಠದ ವಿಡಿಯೊ ಹಾಕಿಕೊಟ್ಟು ಪಿನ್ ಮಾಡಿದರೆ, ಮೊಬೈಲಿನ ಲಾಕ್ ಸಂಖ್ಯೆ ಹಾಕದೆ ಬೇರೆಡೆಗೆ ಹೋಗಲಾಗದಂತೆ ಮಾಡಬಹುದು. ಮಗುವಿಗೆ ಬೇರೆ ಮೊಬೈಲ್ ಇದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಇವು ಆ್ಯಪ್‌ಗಳಿಗೆ ಒಪ್ಪಿಗೆ ಕೊಡಲು, ಸಮಯ ಮಿತಿ ಹಾಕಲು ಸಹಾಯಕ್ಕೆ ಬರುತ್ತವೆ. ಆದರೆ ಇವೆಲ್ಲ ಹೊಲದ ಬೇಲಿಯಂತೆ. ದನ ನುಗ್ಗದಂತೆ ತಡೆಯುತ್ತವೆ, ಬೇಲಿ ಹಾರಲೇಬೇಕೆಂದು ಹೊರಟ ಹದಿನಾಲ್ಕರ ಹುಡುಗನನ್ನು ತಡೆಯುವುದಿಲ್ಲ.

ಸುರಕ್ಷತೆಯ ಮಾತಿನಲ್ಲಿ ನಾವು ಮಕ್ಕಳನ್ನು ಯಾವಾಗಲೂ ತೊಂದರೆಗೆ ಒಳಗಾಗುವವರೆಂದೇ ಕಾಣುತ್ತೇವೆ. ತೊಂದರೆ ಕೊಡುವವರೂ ಮಕ್ಕಳೇ ಆಗಿರಬಹುದೆಂಬುದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಜವಾಬ್ದಾರಿಯ ಪಾಠ ಅಲ್ಲಿಂದಲೇ ಶುರುವಾಗಬೇಕು. ತರಗತಿಯ ಒಬ್ಬಳನ್ನು ಮಾತ್ರ ಬಿಟ್ಟು ಉಳಿದವರೆಲ್ಲ ಸೇರಿಕೊಂಡ ಗ್ರೂಪ್, ತೊದಲುವ ಹುಡುಗ ಪಾಠ ಓದುವಾಗ ಕದ್ದು ಮಾಡಿದ ವಿಡಿಯೊ, ಶಿಕ್ಷಕಿಯ ಮುಖವನ್ನು ಸ್ಟಿಕರ್ ಮಾಡಿ ಹಂಚಿದ್ದು ಇವೆಲ್ಲ ಮಾಡಿದವರ ಕಣ್ಣಿಗೆ ತಮಾಷೆಯಾಗಿಯೇ ಕಂಡಿರುತ್ತವೆ. ಎದುರಿಗೆ ನಿಂತು ಆಡಿಕೊಂಡರೆ ಆಡಿಸಿಕೊಂಡವರ ಕಣ್ಣಲ್ಲಿ ನೀರು ಕಾಣುತ್ತದೆ, ಕಂಡಾಗ ಹೆಚ್ಚಿನ ಮಕ್ಕಳು ನಿಲ್ಲಿಸುತ್ತಾರೆ. ಮೊಬೈಲಿನಲ್ಲಿ ಆ ಕಣ್ಣೀರು ಕಾಣುವುದಿಲ್ಲ, ಹಾಗಾಗಿ ನಿಲ್ಲಿಸಬೇಕೆಂದು ಅನ್ನಿಸುವುದೂ ಇಲ್ಲ. ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಒಂದು ಸಂದೇಶವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದನ್ನು ಕಳಿಸಿದವರಂತೆ ಒಬ್ಬರು, ಪಡೆದವರಂತೆ ಒಬ್ಬರು, ಮುಂದಕ್ಕೆ ಕಳಿಸಿದವರಂತೆ ಒಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಲು ಹೇಳುತ್ತೇನೆ. ಮೂರನೆಯವರು ಓದುವ ಹೊತ್ತಿಗೆ ತರಗತಿಯಲ್ಲಿ ನಗು ನಿಂತಿರುತ್ತದೆ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬಂದ ಮೇಲೆ ಇದರ ಅಪಾಯ ಹೆಚ್ಚಿದೆ. ಸಹಪಾಠಿಯ ಸಾಧಾರಣ ಫೋಟೊವನ್ನು ನಗ್ನ ಚಿತ್ರವಾಗಿ ತಿರುಚಿ, ಇದು ನಿಜವಲ್ಲವಲ್ಲ, ತಪ್ಪೇನು ಎಂದು ಕೇಳುವ ಮಕ್ಕಳಿದ್ದಾರೆ. ಕಾನೂನಿನ ಉತ್ತರ ಸ್ಪಷ್ಟ. 2019ರ ತಿದ್ದುಪಡಿಯ ನಂತರ ಪೋಕ್ಸೊ ಕಾಯ್ದೆಯ ವ್ಯಾಖ್ಯೆಯಲ್ಲಿ ನಿಜವಾದ ಮಗುವಿನಂತೆಯೇ ಕಾಣುವ, ಕಂಪ್ಯೂಟರ್‌ನಿಂದ ತಯಾರಿಸಿದ ಚಿತ್ರವೂ ಸೇರಿದೆ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇಂಥ ವಸ್ತುವನ್ನು ಅಳಿಸದೆ, ತಿಳಿಸದೆ ಇಟ್ಟುಕೊಳ್ಳುವುದೂ ಅಪರಾಧವಾಗಬಹುದೆಂದು ತೀರ್ಪು ನೀಡಿ, 'ಮಕ್ಕಳ ಅಶ್ಲೀಲ ಚಿತ್ರ' ಎಂಬ ಹಳೆಯ ಪದವನ್ನು ಬಿಟ್ಟು, ಶೋಷಣೆ ಮತ್ತು ದೌರ್ಜನ್ಯದ ವಸ್ತು ಎಂದೇ ಕರೆಯಬೇಕೆಂದು ಹೇಳಿತು. ಈ ಪದದ ಬದಲಾವಣೆ ಸಣ್ಣದಲ್ಲ. ಅಂಥ ಪ್ರತಿಯೊಂದು ಚಿತ್ರದ ಹಿಂದೆ ನೋವುಂಡ ಒಂದು ಮಗು ಇದೆ ಎಂಬುದನ್ನು ಅದು ಮರೆಯಗೊಡುವುದಿಲ್ಲ. ತಪ್ಪು ಮಾಡಿದವರೂ 18ರೊಳಗಿನವರಾಗಿದ್ದರೆ ಅವರ ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಆ ಮಕ್ಕಳ ಹೆಸರನ್ನೂ ಯಾರೂ ಬಹಿರಂಗಪಡಿಸುವಂತಿಲ್ಲ.

ಶಾಲೆಯ ಪಾಲಿನ ಕೆಲಸ ಹಲವು ಸಲ ವರ್ಷಕ್ಕೊಂದು ಭಾಷಣದಲ್ಲಿ ಮುಗಿದುಹೋಗುತ್ತದೆ. ಭಾಷಣಕ್ಕಿಂತ ಮುಖ್ಯವಾದದ್ದು, ತೊಂದರೆಯಾದಾಗ ಯಾರ ಹತ್ತಿರ ಹೋಗಬೇಕೆಂಬುದು ಪ್ರತಿ ಮಗುವಿಗೂ ಹೆಸರು ಸಮೇತ ಗೊತ್ತಿರುವುದು. ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕ ಇಬ್ಬರನ್ನು ಇದಕ್ಕೆಂದೇ ಗೊತ್ತುಮಾಡಿ, ಅವರ ಜೊತೆ ಒಂಟಿಯಾಗಿ ಮಾತನಾಡಲು ಸ್ಥಳ, ಸಮಯ ಎರಡನ್ನೂ ಕೊಡಬೇಕು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಮಗುವನ್ನು ನಿಲ್ಲಿಸಿ ವಿಚಾರಣೆ ಮಾಡುವುದು, ಇಡೀ ತರಗತಿಯ ಎದುರಿಗೆ ಮೊಬೈಲ್ ತೆರೆಸುವುದು ಎಂದಿಗೂ ಕೂಡದು; ಹಾಗೆ ಒಮ್ಮೆ ಮಾಡಿದ ಶಾಲೆಯಲ್ಲಿ ಮುಂದೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಶಾಲೆಗಳು ತಾವೇ ಮಾಡುವ ತಪ್ಪೂ ಒಂದಿದೆ. ಪ್ರತಿಭಾ ಪುರಸ್ಕಾರದ ಸಂಭ್ರಮದಲ್ಲಿ ಮಗುವಿನ ಫೋಟೊ, ಪೂರ್ಣ ಹೆಸರು, ತಂದೆಯ ಹೆಸರು, ಊರು, ತರಗತಿ ಎಲ್ಲವನ್ನೂ ಫೇಸ್‌ಬುಕ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತೇವೆ. ವಂಚಕನೊಬ್ಬ ಆ ಮಗುವಿಗೆ ಪರಿಚಯದವನಂತೆ ನಟಿಸಲು ಇದಕ್ಕಿಂತ ಹೆಚ್ಚಿನ ಮಾಹಿತಿ ಬೇಕಿಲ್ಲ. ಗುಂಪಿನ ಚಿತ್ರ ಹಾಕಲಿ, ಹೆಸರುಗಳನ್ನು ಬಿಡಲಿ, ಪೋಷಕರನ್ನು ಕೇಳಿ ಹಾಕಲಿ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಇದನ್ನೊಂದು ತೀರ್ಮಾನವಾಗಿ ಬರೆಸಬಹುದು. ಮಗಳ ಹುಟ್ಟುಹಬ್ಬದ ದಿನ ಅವಳ ಶಾಲೆಯ ಸಮವಸ್ತ್ರದ ಫೋಟೊವನ್ನು ಸ್ಟೇಟಸ್‌ಗೆ ಹಾಕುವ ತಂದೆತಾಯಿಯರಿಗೂ ಇದೇ ಮಾತು ಸಲ್ಲುತ್ತದೆ.

ಮೊಬೈಲ್ ಬಿಡಲಾಗದೆ ನಿದ್ದೆ, ಊಟ, ಓದು ಎಲ್ಲವೂ ಕೆಟ್ಟಿರುವ ಮಕ್ಕಳ ಪ್ರಶ್ನೆ ಬೇರೆಯೇ. ಅದು ಹಟವಲ್ಲ, ಚಿಕಿತ್ಸೆ ಬೇಕಾದ ಸ್ಥಿತಿಯೂ ಆಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ 'ಶಟ್' ಕ್ಲಿನಿಕ್ ಎಂಬ ಹೆಸರಿನಲ್ಲಿ ಇದಕ್ಕೆಂದೇ ಸೇವೆ ನೀಡುತ್ತಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬೆದರಿಕೆಗೆ ಒಳಗಾದ ಮಗು ಊಟ ಬಿಟ್ಟು ಮೂಲೆ ಹಿಡಿದರೆ, ಬದುಕುವುದೇ ಬೇಡ ಎಂಬಂಥ ಮಾತಾಡಿದರೆ, ಅದನ್ನು ಒಂಟಿಯಾಗಿ ಬಿಡದೆ ಆ ಕೂಡಲೇ ಈ ಸಂಖ್ಯೆಗೆ ಕರೆ ಮಾಡಬೇಕು. ದೂರು, ಹಣ ಎಲ್ಲವೂ ಅದರ ನಂತರ.

ಪೋಷಕರ ಸಭೆಯಲ್ಲಿ ಪ್ರತಿ ಸಲವೂ ಕೇಳಿಬರುವ ಪ್ರಶ್ನೆ: ಸ್ವಂತ ಮೊಬೈಲ್ ಯಾವಾಗ ಕೊಡಿಸಬೇಕು? ನಮ್ಮ ಹಳ್ಳಿಗಳ ಮಟ್ಟಿಗೆ ಅದಕ್ಕೊಂದು ಸಮಯ ತಾನಾಗಿಯೇ ಗೊತ್ತಾಗಿದೆ. ಎಸ್‌ಎಸ್‌ಎಲ್‌ಸಿ ಮುಗಿದು, ಪಿಯುಸಿಗೆ ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವಾಗ ಮೊಬೈಲ್ ಬೇಕೇಬೇಕಾಗುತ್ತದೆ. ಫಲಿತಾಂಶಕ್ಕೂ ಕಾಲೇಜು ಆರಂಭಕ್ಕೂ ನಡುವಿನ ಆ ದಿನಗಳನ್ನು ಇದಕ್ಕೆ ಬಳಸಿಕೊಳ್ಳಿ. ಹೊಸ ಮೊಬೈಲ್ ಬಂದ ದಿನ ಮಗುವಿನ ಜೊತೆ ಕೂತು, ನಿಜವಾದ ಹುಟ್ಟಿದ ದಿನಾಂಕ ಹಾಕಿ ಖಾತೆ ತೆರೆಯಿರಿ, ಅದನ್ನು ಖಾಸಗಿ ಮಾಡಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿಸಿ, ರಾತ್ರಿ ಮೊಬೈಲ್ ಹಾಸಿಗೆಯ ಬಳಿ ಇಡದೆ ಹಜಾರದಲ್ಲಿಯೇ ಚಾರ್ಜಿಗೆ ಹಾಕುವುದೆಂದು ಮಾತಾಡಿಕೊಳ್ಳಿ. ಅಪ್ಪನ ಮೊಬೈಲೂ ಅದೇ ಜಾಗದಲ್ಲಿರಲಿ. ಕೊನೆಯಲ್ಲಿ 1930 ಮತ್ತು 1098 ಎರಡನ್ನೂ ಹೆಸರು ಹಾಕಿ ಉಳಿಸಿಡಿ, ಅವುಗಳ ಕೆಳಗೆ ಮಗುವೇ ಆರಿಸಿದ ಒಬ್ಬರ ಸಂಖ್ಯೆಯೂ ಇರಲಿ: ಅತ್ತೆಯದೋ, ಸೋದರಮಾವನದೋ, ಹಳೆಯ ಶಾಲೆಯ ಶಿಕ್ಷಕಿಯದೋ, ಅಪ್ಪ ಅಮ್ಮನ ಹತ್ತಿರ ಹೇಳಲಾಗದ ರಾತ್ರಿ ಕರೆ ಮಾಡಬಹುದಾದ ಯಾರದೋ.